ಮುನ್ನೂರ ಹನ್ನೆರಡು ಕಾದಂಬರಿಗಳ ಕೆಳಗೆ ಒಂದು ಸಹಿ

ಎಲ್ಲಿಂದ ಶುರು ಮಾಡಲಿ ಎಂದು ಇನ್ಶಿರಾಳನ್ನೇ ಕೇಳಿದೆ. ಕಥೆ ಅವಳದು. ಇಂಥ ಕಥೆಗಳ ಅನುಭವವೂ ನನಗಿಂತ ಅವಳಿಗೇ ಹೆಚ್ಚು.

"ಕುದುರೆಯಿಂದ," ಅಂದಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಕುದುರೆ ಓಡ್ಕೊಂಡು ಬರ್ಬೇಕು. ಮೇಲೆ ಕೂತೋನ ಮುಖ ಕಾಣಬಾರ್ದು. ಮೊದಲನೇ ಪುಟದಲ್ಲೇ ಮುಖ ತೋರಿಸ್ಬಿಟ್ರೆ ಮಿಕ್ಕಿದ್ದನ್ನ ಯಾರು ಓದ್ತಾರೆ?"

ನನ್ನ ಕಥೆಯಲ್ಲಿ ಕುದುರೆ ಇಲ್ಲ. ಅಲೆಕ್ಸಾಂಡ್ರಿಯಾದ ನೀಲಿ ಟ್ರಾಮ್ ಇದೆ. ಅದನ್ನು ಓಡಿಸುತ್ತಿದ್ದ ಫಿಕ್ರಿಯ ಮುಖವನ್ನು ಊರೆಲ್ಲ ನೋಡಿದೆ. ಮೂಗು ದೊಡ್ಡದು, ಮೀಸೆಗೆ ಬಣ್ಣ ಹಚ್ಚುತ್ತಾನೆ. (ಫಿಕ್ರಿ ಈ ಸಾಲು ಓದಿ ಬೇಜಾರು ಮಾಡಿಕೊಂಡ. ಏನು ಮಾಡಲಿ, ಆ ಮೀಸೆಯನ್ನು ಬಿಟ್ಟರೆ ಆಳನ್ನೇ ಬಿಟ್ಟಂತೆ.)

ಸರಿ, ಅವಳ ಮಾತಿಗೆ ಬೆಲೆ ಕೊಟ್ಟು ಒಮ್ಮೆ ಪ್ರಯತ್ನಪಟ್ಟೆ.

೧. ಮೊದಲ ಡ್ರಾಫ್ಟ್ (ಕೈಬಿಟ್ಟದ್ದು)

ಮಮ್ಲೂಕ ಸುಲ್ತಾನರ ಕಾಲದ ಕೈರೋ. ಜುಲೈ ತಿಂಗಳ ಸಂಜೆ. ಕೆಂಪು ಮಖಮಲ್ಲಿನ ಉಡುಪು ತೊಟ್ಟ ರಾಜಕುವರಿ ಕಿಟಕಿಯ ಬಳಿ ನಿಂತಿದ್ದಳು. ಅಮೀರನು ಸದ್ದಿಲ್ಲದೆ ಬಂದು ಅವಳ ಬೆನ್ನ ಮೇಲಿನ ಗುಂಡಿಗಳನ್ನು ಒಂದೊಂದಾಗಿ...

"ನಿಲ್ಸಿ, ನಿಲ್ಸಿ. ಜುಲೈನಲ್ಲಿ ಮಖಮಲ್ಲಾ? ಅವನು ಬರೋಷ್ಟರಲ್ಲಿ ಬೆವರಿ ಸತ್ತಿರ್ತಾಳೆ. ಇನ್ನು ಆ ಕಾಲದಲ್ಲಿ ಬೆನ್ನಿಗೆ ಗುಂಡಿ ಇಟ್ಟೋರ್ಯಾರು? ಅವನು ಬಿಚ್ತಿರೋದು ಏನನ್ನ, ಗಾಳೀನಾ?"

ಹಾಗಾದರೆ ತೆಗೆದುಬಿಡಲೇ ಎಂದೆ.

"ತೆಗೀರಿ ಅಂದೋರ್ಯಾರು? ತಪ್ಪು ಸಿಕ್ಕೋದೇ ಒಂದು ಮಜಾ ಅಲ್ವಾ?"

ಇನ್ಶಿರಾಗೆ ಐವತ್ತೊಂದು ವರ್ಷ. ಮುಹರ್ರಮ್ ಬೇ ಬಡಾವಣೆಯಲ್ಲಿ, ಎರಡನೇ ಮಹಡಿಯಲ್ಲಿ, ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಮಿಕ್ಕ ಹೊತ್ತಿನಲ್ಲಿ ಹಳೇ ಕಾಲದ ಪ್ರೇಮದ ಕಾದಂಬರಿ ಓದುತ್ತಾಳೆ. ಸುಲ್ತಾನರು, ಕಡಲುಗಳ್ಳರು, ಮುಸುಕುಧಾರಿಗಳು, ತಲುಪಲು ನಲವತ್ತು ಪುಟ ಹಿಡಿಯುವ ಪತ್ರಗಳು. ಅವಳ ಕೈಯಲ್ಲಿ ಸದಾ ಒಂದು ಪೆನ್ಸಿಲ್ ಇರುತ್ತದೆ. ಒಂದು ಕಾದಂಬರಿಯಲ್ಲಿ, ಸಾವಿರ ವರ್ಷದ ಹಿಂದಿನ ಸ್ಪೇನಿನ ಕಾರ್ಡೊಬಾದಲ್ಲಿ, ವಿರಹದ ನಾಯಕಿ ಅಳುತ್ತ ಟೊಮ್ಯಾಟೊ ಹೆಚ್ಚುತ್ತಾಳೆ. ಇನ್ಶಿರಾ ಪಕ್ಕದಲ್ಲಿ ಬರೆದಿದ್ದಾಳೆ: "ಟೊಮ್ಯಾಟೊ ಇನ್ನೂ ಅಮೆರಿಕದಲ್ಲಿ ಹಡಗು ಹತ್ತಿಲ್ಲ ತಾಯಿ, ಈರುಳ್ಳಿ ಹೆಚ್ಚು." ಬರೆದ ಮೇಲೆ ನಾಯಕಿಯ ಜೊತೆ ತಾನೂ ಅತ್ತಿದ್ದಾಳೆ. ಪುಟ ಇನ್ನೂ ಉಬ್ಬಿಕೊಂಡಿದೆ, ನಾನೇ ನೋಡಿದ್ದೇನೆ.

ಇನ್ನೊಂದು ಸಲ 'ಬಂದಿಖಾನೆಯ ಕಿಟಕಿಯಲ್ಲೊಂದು ಗುಲಾಬಿ' ಎಂಬ ಕಾದಂಬರಿಯ ನಾಯಕಿ ತೊಟ್ಟ ಉಡುಪನ್ನು, ಅದರಲ್ಲಿ ಬರೆದಂತೆಯೇ, ಹಳೆಯ ಪರದೆ ಕತ್ತರಿಸಿ ಹೊಲಿದಳು. ಆ ತೋಳಿನಲ್ಲಿ ನಿಜಕ್ಕೂ ಪತ್ರ ಬಚ್ಚಿಡಬಹುದೇ ಎಂದು ಅವಳಿಗೆ ತಿಳಿಯಬೇಕಿತ್ತು. ಬಚ್ಚಿಡಬಹುದು. ಎರಡು ಪತ್ರ, ಒಂದು ಬಾಚಣಿಗೆ, ಒಂದು ಬೇಯಿಸಿದ ಮೊಟ್ಟೆ ಹಿಡಿಯಿತು. ಆಮೇಲೆ ಅದನ್ನು ತೊಟ್ಟು ಹಜಾರದ ಉದ್ದಕ್ಕೂ ಓಡಿದಳು.

"ಲೇಖಕ ಏನಂತಾನೆ? ಉಡುಪು ಕಾಲಿಗೆ ಸಿಕ್ಕಿ ಅವಳು ಕಾವಲುಗಾರನ ಕೈಗೆ ಸಿಕ್ಕಿಬಿದ್ಳು ಅಂತಾನೆ. ಸುಳ್ಳು! ಅದ್ರಲ್ಲಿ ಆರಾಮಾಗಿ ಓಡಬಹುದು. ಅಂದ್ಮೇಲೆ ಅವಳು ಸಿಕ್ಕಿಬಿದ್ದಿದ್ದಲ್ಲ, ಬೇಕಂತಲೇ ನಿಂತಿದ್ದು. ಬರೆದೋನಿಗೇ ಗೊತ್ತಿಲ್ಲ ನೋಡಿ!" ಎಂದು ನನಗೆ ಹೇಳಿದಾಗ ಅವಳ ಮುಖ ಹಬ್ಬದ ದಿನದಂತಿತ್ತು.

(ನಾನು ಬರೆದುದರಲ್ಲಿ ನನಗೇ ಗೊತ್ತಿಲ್ಲದ್ದು ಎಷ್ಟಿದೆಯೋ ಎಂದು ಅಂದಿನಿಂದ ಭಯ.)

೨. ಎರಡನೇ ಡ್ರಾಫ್ಟ್. ಇದು ನಿಲ್ಲುತ್ತದೆ ಎನಿಸುತ್ತದೆ

ಕಳೆದ ವಸಂತದಲ್ಲಿ ಟ್ರಾಮಿನಲ್ಲಿ ಓದುತ್ತ ಕುಳಿತವಳು ತನ್ನ ನಿಲ್ದಾಣ ಬಿಟ್ಟು, ಅದರ ಮುಂದಿನದನ್ನೂ ಬಿಟ್ಟು, ಕೊನೆಯ ನಿಲ್ದಾಣಕ್ಕೆ ಹೋಗಿಬಿಟ್ಟಳು. ನಿವೃತ್ತಿಗೆ ಎರಡು ತಿಂಗಳಿದ್ದ ಚಾಲಕ ಫಿಕ್ರಿ ಎದ್ದು ಬಂದ.

"ಮುಗೀತು ತಾಯಿ, ಇಳೀರಿ."

"ಎಲ್ಲಿ ಮುಗೀತು? ಇನ್ನೂ ಹಡಗೇ ಬಂದಿಲ್ಲ!" ಎಂದಳು ತಲೆ ಎತ್ತದೆ.

ಹೆಂಡತಿ ತೀರಿಕೊಂಡು ಆರು ವರ್ಷವಾಗಿದ್ದ ಫಿಕ್ರಿ ಅಂದು ಆರು ವರ್ಷದ ನಗು ಒಟ್ಟಿಗೆ ನಕ್ಕ. ಅವಳನ್ನು ಅದೇ ಟ್ರಾಮಿನಲ್ಲಿ ವಾಪಸು ಕರೆತಂದ. ಮುಂದಿನದು ನಿಮಗೆ ಗೊತ್ತೇ ಇದೆ, ಪ್ರೇಮದ ಕಥೆ ಓದದವರು ಯಾರಿದ್ದಾರೆ? (ಫಿಕ್ರಿ ಓದಿಲ್ಲ. ಅವನು ಕಾದಂಬರಿಯನ್ನೇ ಓದಿದವನಲ್ಲ. ಇದು ಮುಖ್ಯ, ನೆನಪಿರಲಿ.)

೩. ಪಟ್ಟಿಯ ವಿಚಾರ

ನಮ್ಮಲ್ಲಿ ಮದುವೆಗೆ ಮುಂಚೆ ಹೆಣ್ಣಿನ ವಸ್ತುಗಳ ಪಟ್ಟಿ ಬರೆಯುತ್ತಾರೆ. ಫ್ರಿಜ್ಜಿನಿಂದ ಸೌಟಿನವರೆಗೆ. ಗಂಡಾಗುವವನು ಎಲ್ಲವನ್ನೂ ಕಣ್ಣಾರೆ ನೋಡಿ, ಹಿರಿಯರ ಮುಂದೆ ಸಹಿ ಹಾಕಬೇಕು. ಪಟ್ಟಿಯಲ್ಲಿದ್ದುದನ್ನು ಮಾರಿದರೆ, ಹಾಳು ಮಾಡಿದರೆ ಕೋರ್ಟು, ಜೈಲು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ದೇವರೇ ದಿಕ್ಕು.

ಇನ್ಶಿರಾಳ ಮೊದಲ ಮದುವೆಯ ಪಟ್ಟಿಯಲ್ಲಿ ಕಾದಂಬರಿಗಳಿರಲಿಲ್ಲ. ಮೊದಲ ಗಂಡ ರಮ್ಜಿ ಒಂದು ಮಧ್ಯಾಹ್ನ ಅವಳಿಲ್ಲದಾಗ ಅಷ್ಟನ್ನೂ ಕಲ್ಲಂಗಡಿ ಬೀಜ ಹುರಿಯುವವನಿಗೆ ಕೊಟ್ಟುಬಿಟ್ಟ. ಎರಡು ದಿನದ ಮೇಲೆ ಅವಳು ಕಡಲ ದಂಡೆಯಲ್ಲಿ ಬೀಜ ಕೊಂಡಳು. ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ, ತನ್ನದೇ ಪೆನ್ಸಿಲ್ ಅಕ್ಷರ. ಅಲ್ಲೇ ನಿಂತು ಆ ಹಾಳೆಯನ್ನು ಎರಡೂ ಕಡೆ ಓದಿದಳಂತೆ. ಆಮೇಲೆ ಇನ್ನೂ ಮೂರು ಪೊಟ್ಟಣ ಕೊಂಡಳಂತೆ, ಮುಂದಿನ ಪುಟ ಸಿಗಬಹುದೆಂದು. ಸಿಗಲಿಲ್ಲ. ಇದನ್ನು ಹೇಳುವಾಗ ಅವಳು ನಗಲಿಲ್ಲ, ನನಗೂ ತಮಾಷೆ ಮಾಡಲು ಬಾಯಿ ಬರಲಿಲ್ಲ.

ಆ ಮದುವೆ ಮುರಿದು ಹದಿನಾರು ವರ್ಷ. ಮತ್ತೆ ಒಂದೊಂದಾಗಿ ಮುನ್ನೂರ ಹನ್ನೆರಡು ಕಾದಂಬರಿ ಕೂಡಿಸಿದ್ದಾಳೆ. ಈ ಸಲ ಒಂದೊಂದರ ಹೆಸರೂ ಪಟ್ಟಿಗೆ ಹತ್ತಿತು.

"ನನ್ನ ಮೇಲೆ ನಂಬಿಕೆ ಇಲ್ವಾ?" ಎಂದ ಫಿಕ್ರಿ. "ಹೆಣ್ಣನ್ನೇ ನಂಬಿ ಕೊಟ್ಮೇಲೆ ಮಡಕೆಗೆ ಯಾರು ರಸೀದಿ ಕೇಳ್ತಾರೆ ಅಂತಾರಪ್ಪ."

"ಮಡಕೆ ಬೇಕಾದ್ರೆ ಹೊಡೆದು ಹಾಕಿ. ಪುಸ್ತಕಕ್ಕೆ ಸಹಿ ಹಾಕಿ."

"ನಮ್ಮ ಚಿಕ್ಕಪ್ಪ ಹಾಜಿ ಅಬ್ದುಲ್ ಆಲ್ ಮುಂದೆ ನಿನ್ನಣ್ಣ 'ಕತ್ತಿಗೂ ಕಾಡಿಗೆಗೂ ನಡುವೆ' ಅಂತ ಓದಿದ್ರೆ ನನ್ನ ಮಾನ ಏನಾಗ್ಬೇಕು?"

"ಅದು ಎರಡು ಭಾಗ. ಎರಡನ್ನೂ ಓದ್ಲಿ."

"ಅಕಸ್ಮಾತ್ ಒಂದು ಕಳೆದುಹೋದ್ರೆ? ಒಂದು ಕಾದಂಬರಿಗೆ ಜೈಲಾ?"

"ಕಾದಂಬರೀಲಿ ಎಂತೆಂಥ ಸುಲ್ತಾನರೇ ಒಂದ್ಸಲ ಜೈಲಿಗೆ ಹೋಗಿ ಬರ್ತಾರೆ. ನಿಮಗೇನು ಕೊಂಬಿದೆಯಾ?"

ಬಾಯಿ ಹೀಗೆ ಜೋರಾಗಿದ್ದರೂ ಅವಳಿಗೆ ಭಯವಿತ್ತು. ಫಿಕ್ರಿ ಅವಳಿಗೆ ಬೇಕು. ಬೆಳಗಿನ ಟೀಗೆ ಎದುರು ಒಬ್ಬ ಮನುಷ್ಯ ಬೇಕು, ಅದೂ ಇವನೇ ಬೇಕು. ಆದರೆ ಸಹಿ ಇಲ್ಲದೆ ಮದುವೆ ಇಲ್ಲ. ಇಷ್ಟೇ ಈ ಕಥೆಯ ಗಂಟು.

೪. ಗುರುವಾರ, ಮಧ್ಯಾಹ್ನದ ನಮಾಜಿನ ನಂತರ

ಹಜಾರದಲ್ಲಿ ಗಂಡಸರು. ಪರದೆಯ ಹಿಂದೆ ಇನ್ಶಿರಾ ಮತ್ತು ಅವಳ ಸೋದರತ್ತೆ ತಹಾನಿ. ಅಡುಗೆಮನೆಯಲ್ಲಿ ಗುಲಾಬಿ ಶರಬತ್ತು ಸಿದ್ಧ. ಸಹಿ ಆದ ಕೂಡಲೇ ಹಂಚಬೇಕು.

ಇನ್ಶಿರಾಳ ಅಣ್ಣ ಶೌಕಿ ಪಟ್ಟಿ ಓದಿದ. ಫ್ರಿಜ್ ಒಂದು. ಹೊಲಿಗೆ ಯಂತ್ರ ಒಂದು. ತಾಮ್ರದ ಪಾತ್ರೆ ಆರು. ಆಮೇಲೆ ಅವನ ದನಿ ತಗ್ಗಿತು, ಕಿವಿ ಕೆಂಪಾಯಿತು.

"ಗಟ್ಟಿಯಾಗಿ ಓದಯ್ಯಾ," ಎಂದರು ಎಂಬತ್ತರ ಹಾಜಿ ಅಬ್ದುಲ್ ಆಲ್. "ಫ್ರಿಜ್ಜಿಗೆ ಇದ್ದ ಗಂಟಲು ಈಗೆಲ್ಲಿ ಹೋಯ್ತು?"

"ಗ್ರಾನಡಾದ ಹೂಗಾರನ ಮಗಳು," ಎಂದ ಶೌಕಿ. "ಅಮೀರನ ಏಳನೇ ಪತ್ರ."

"ಮಿಕ್ಕ ಆರು ಏನಾದ್ವು?"

ಶೌಕಿ ಹಾಳೆ ತಿರುಗಿಸಿ ಆ ಆರನ್ನು ಹುಡುಕಿದ. ಪರದೆಯ ಹಿಂದೆ ಇನ್ಶಿರಾಗೆ ತಡೆಯಲಾಗಲಿಲ್ಲ.

"ಒಂದನ್ನ ಅವನ ತಾಯಿ ಸುಟ್ಟಳು. ಎರಡು ಸಮುದ್ರದ ಪಾಲಾದ್ವು. ಮೂರನ್ನ ನಾಯಕಿಯೇ ಒಡೆಯದೆ ವಾಪಸ್ ಕಳಿಸಿದ್ಳು ಹಾಜಿ."

"ಯಾಕಮ್ಮಾ ವಾಪಸ್?" ಎಂದ ಸಾಕ್ಷಿಗೆ ಬಂದಿದ್ದ ಕಟುಕ.

"ಮೇಲಿನ ವಿಳಾಸ ಬೇರೆಯವರ ಕೈಬರಹ. ಬರೆಸಿ ಕಳಿಸೋನು ಪ್ರೀತಿ ಮಾಡ್ತಾನಾ ಅಂದ್ಳು."

"ಅಯ್ಯೋ, ಅವನ ಕೈಗೆ ಗಾಯ ಆಗಿರ್ಬಹುದಲ್ವಾ!" ಎಂದರು ಹಾಜಿ. ಅಲ್ಲಿಂದ ಪಟ್ಟಿ ಮುಗಿಯುವಷ್ಟರಲ್ಲಿ ಕತ್ತಲಾಯಿತು. ನಾಲ್ಕು ಹೆಸರಿಗೊಂದು ಪ್ರಶ್ನೆ. ಟೀ ಆರಿತು, ಯಾರೂ ಮುಟ್ಟಲಿಲ್ಲ. ಕಟುಕ ಅಂಗಡಿಗೆ ಫೋನ್ ಮಾಡಿ ಬರಲು ತಡವಾಗುತ್ತದೆ ಎಂದ. ಫಿಕ್ರಿ ಮಾತ್ರ ಏನೂ ಕೇಳಲಿಲ್ಲ. ಎಲ್ಲರ ಮುಖ ನೋಡುತ್ತ ಕುಳಿತಿದ್ದ.

ಕೊನೆಗೆ ಪಟ್ಟಿ ಅವನ ಮುಂದೆ ಬಂತು. ಅವನು ಜೇಬಿನಿಂದ ಪೆನ್ನು ತೆಗೆದ. ಪರದೆಯ ಸಂದಿಯಿಂದ ಪೆನ್ನು ಕಂಡದ್ದೇ ತಡ, ತಹಾನಿ ಅತ್ತೆ ನಾಲಗೆ ಹೊರಳಿಸಿ ಮಂಗಳದ ಕೇಕೆ ಹಾಕಿಬಿಟ್ಟಳು. ಮೇಲಿನ ಮಹಡಿ ಉತ್ತರ ಕೊಟ್ಟಿತು. ಎದುರು ಕಟ್ಟಡದ ಬಾಲ್ಕನಿಗಳು ಉತ್ತರ ಕೊಟ್ಟವು. ಸಹಿ ಆಗಿಯೇಹೋಯಿತೆಂದು ಅರ್ಧ ಬೀದಿ ತಿಳಿದುಕೊಂಡಿತು.

ಫಿಕ್ರಿ ಆ ಪೆನ್ನಿನಿಂದ ಸಹಿ ಹಾಕಲಿಲ್ಲ. ಅಂಗೈ ಮೇಲೆ ಮೊದಲ ಕಾದಂಬರಿಯ ಹೆಸರು ಬರೆದುಕೊಂಡ.

"ಫ್ರಿಜ್ಜಿನ ಬಾಗಿಲು ತೆಗೆದು ನೋಡ್ದೆ. ಯಂತ್ರ ತುಳಿದು ನೋಡ್ದೆ," ಎಂದ. "ಈ ಪುಸ್ತಕಗಳ ಒಳಗೆ ಏನಿದೆ ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ. ನೋಡದೆ ಇರೋದಕ್ಕೆ ಹೇಗೆ ಹೊಣೆ ಹೊರಲಿ? ಓದಿ ಸಹಿ ಹಾಕ್ತೀನಿ."

"ಮುನ್ನೂರ ಹನ್ನೆರಡನ್ನೂ?" ಶೌಕಿ ಎದ್ದೇ ನಿಂತ. "ವಾರಕ್ಕೊಂದು ಅಂದ್ರೂ ಆರು ವರ್ಷ! ಬೇಡ ಅನ್ನೋಕೆ ಇದೊಂದು ಹೊಸ ದಾರಿನಾ ಉಸ್ತಾದ್?"

"ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದೀನಿ. ಒಂದು ನಿಲ್ದಾಣ ಹಾರಿಸಿ ಹೋದೋನಲ್ಲ."

ಇನ್ಶಿರಾ ಶರಬತ್ತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಈ ಮನುಷ್ಯ ತನ್ನನ್ನು ಒಪ್ಪಿದನೋ, ಮರ್ಯಾದೆಯಿಂದ ಕೈಬಿಟ್ಟನೋ ಅವಳಿಗೆ ತಿಳಿಯಲಿಲ್ಲ. ಮುನ್ನೂರ ಹನ್ನೆರಡರಲ್ಲಿ ಒಂದರಲ್ಲೂ ಇಂಥ ನಾಯಕ ಇರಲಿಲ್ಲ.

೫. ಮುಕ್ತಾಯಗಳು (ಬೇಕಾದದ್ದು ಆರಿಸಿಕೊಳ್ಳಿ ಎಂದು ಅವಳ ಮುಂದಿಟ್ಟೆ)

ಅ) ಆರು ವರ್ಷ ಓದಿ, ಕೊನೆಯ ಕಾದಂಬರಿ ಮುಚ್ಚಿ, ಫಿಕ್ರಿ ಸಹಿ ಹಾಕುತ್ತಾನೆ. "ಅಷ್ಟು ಹೊತ್ತಿಗೆ ನನಗೆ ಐವತ್ತೇಳು. ಬಾಯಲ್ಲಿ ಹಲ್ಲೆಷ್ಟಿರುತ್ತೋ. ಶರಬತ್ತೇ ಗತಿ."

ಆ) ಹತ್ತು ಪುಟ ಓದಿ ಊರು ಬಿಡುತ್ತಾನೆ. "ಅವನನ್ನ ಅಷ್ಟು ಸಸ್ತಾ ಮಾಡ್ಬೇಡಿ."

ಇ) ಅಣ್ಣ ಹೇಳಿದಂತೆ ಅವಳು ಕಾದಂಬರಿಗಳ ಹೆಸರು ಹೊಡೆದುಹಾಕಿ ನಾಳೆಯೇ ಮದುವೆಯಾಗುತ್ತಾಳೆ. ಬೀದಿಯ ಬಾಯಿ ಮುಚ್ಚುತ್ತದೆ. ಇದನ್ನು ಕೇಳಿ ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. "ಅದನ್ನ ಬರೆದ್ರೆ ನಿಮ್ಮ ಕಥೆ ನಿಮಗೇ ಇರ್ಲಿ. ನಾನು ಎದ್ದು ಹೋಗ್ತೀನಿ."

ಈ) ಇದು ನನ್ನದಲ್ಲ. ಮೂರನೇ ದಿನ ಫಿಕ್ರಿಯೇ ಗುಟ್ಟಾಗಿ ನನ್ನ ಹತ್ತಿರ ಬಂದ. ಕನ್ನಡಕ ಹೊಸದು, ಅದು ಒತ್ತಿ ಮೂಗಿನ ಮೇಲೆ ಗಾಯ. "ಇಪ್ಪತ್ತು ಪುಟ ಆಯ್ತು, ಬರೀ ತೋಟದ ವರ್ಣನೆ. ಸಹಿ ಹಾಕ್ದ ಅಂತ ನೀವೇ ಬರೆದುಬಿಡಿ ಸ್ವಾಮಿ. ನಿಮ್ಮ ಕೈಯಲ್ಲೇ ಇದೆಯಲ್ಲ?"

"ನಾನು ಹಾಕಿದ ಸಹಿ ಕೋರ್ಟಿನಲ್ಲಿ ನಡೆಯೋಲ್ಲ," ಎಂದೆ. (ಇಷ್ಟು ಪ್ರಾಮಾಣಿಕತೆ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.) ಅವನು ಮುಖ ಸಪ್ಪೆ ಮಾಡಿಕೊಂಡು ಹೋದ. ನಾಲ್ಕು, ಐದು, ಆರನೇ ದಿನ ಅವನ ಸುದ್ದಿಯಿಲ್ಲ. ಇನ್ಶಿರಾ ಒಂದು ಕುಪ್ಪಸಕ್ಕೆ ಎರಡು ಎಡತೋಳು ಹೊಲಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ.

೬.

ಒಂಬತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಯಾರೋ ಬಾಗಿಲು ಬಡಿದರು. ಫಿಕ್ರಿ. ಮೀಸೆಗೆ ಬಣ್ಣವಿಲ್ಲ. ಕೈಯಲ್ಲಿ 'ಗ್ರಾನಡಾದ ಹೂಗಾರನ ಮಗಳು', ನಡುವೆ ಹೆಬ್ಬೆರಳು.

"ಕತ್ತೆ!" ಎಂದ, ಒಳಗೂ ಬರದೆ. "ಅವಳು ದೀಪ ಆರಿಸಿದ್ಳು. ಇವನು ಗೋಡೆ ಆಚೆ ನಿಂತು, ನಾನು ಬೇಡ ಅಂತಲೇ ಆರಿಸಿದ್ಳು ಅಂದ್ಕೊಂಡು ಕುದುರೆ ಹತ್ತಿ ಹೊರಟೇಬಿಟ್ಟ! ಅವಳು ಆರಿಸಿದ್ದು ಬೇರೆಯವರ ಕಣ್ಣಿಗೆ ಇವನು ಬೀಳ್ದೆ ಇರ್ಲಿ ಅಂತ ತಾನೇ? ಹೇಳು, ತಾನೇ?"

ಇನ್ಶಿರಾ ಅದನ್ನು ಮೂರು ಸಲ ಓದಿದ್ದಾಳೆ. ಹುಡುಗಿ ದೀಪ ಯಾಕೆ ಆರಿಸಿದಳು, ಅವನು ವಾಪಸು ಬಂದನೋ ಇಲ್ಲವೋ, ಎಲ್ಲ ಗೊತ್ತು. ಹೇಳಲಿಲ್ಲ.

"ಪುಸ್ತಕ ಕೈಯಲ್ಲೇ ಇದೆಯಲ್ಲ. ಕೊನೇ ಪುಟ ತೆಗೆದು ನೋಡ್ಬೇಕಿತ್ತು."

"ನೋಡೋದಾ?" ಫಿಕ್ರಿಗೆ ಗಾಬರಿಯೇ ಆಯಿತು. ಪುಸ್ತಕವನ್ನು ಎದೆಗೆ ಒತ್ತಿಕೊಂಡ. "ನೋಡಿಬಿಟ್ರೆ ಮುಗಿದೇ ಹೋಗುತ್ತಲ್ಲ!"

ಅವಳ ಕಣ್ಣು ತುಂಬಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ನಾನು ಅಲ್ಲೇ ಮೆಟ್ಟಿಲ ಮೇಲೆ ನೋಟ್ ಪುಸ್ತಕ ಹಿಡಿದು ನಿಂತಿದ್ದೆ. ಇದೇ ಸಮಯವೆಂದು, "ಸಹಿ?" ಎಂದೆ.

"ಇವರನ್ನ ಯಾರು ಕರೆದ್ರು ಇಲ್ಲಿಗೆ?" ಎಂದು ಇನ್ಶಿರಾ ಅವನನ್ನು ಒಳಗೆ ಎಳೆದುಕೊಂಡು, ಅತ್ತೆಯನ್ನು ಟೀ ಇಡಲು ಕೂಗಿ, ನನ್ನ ಮುಖದ ಮೇಲೆ ಬಾಗಿಲು ಹಾಕಿದಳು.

ಕೆಳಗಿಳಿಯುವಾಗ ಒಂದನೇ ಮಹಡಿಯ ಹೆಂಗಸು ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಎದುರಾದಳು.

"ಸಹಿ ಆಗಿ ವಾರದ ಮೇಲಾಯ್ತಲ್ಲ, ಮದುವೆ ಯಾವಾಗಂತೆ?"

"ಇನ್ನೂ ತೊಂಬತ್ತನೇ ಪುಟ," ಎಂದೆ. "ಅವಳು ದೀಪ ಆರಿಸಿದ್ದಾಳೆ, ಅವನು ಕುದುರೆ ಹತ್ತಿದ್ದಾನೆ."

ಅವಳು ಚೀಲಗಳನ್ನು ಮೆಟ್ಟಿಲ ಮೇಲಿಟ್ಟಳು. "ಯಾಕೆ ಆರಿಸಿದ್ಳು?"