ಕೂದಲೆಳೆಯಷ್ಟು ಕೆಳಗೆ

ಇಲಿಯ ಕಾಲಿಗೆ ಒಂದು ಗೆರೆ ಎಳೆಯುವುದರಲ್ಲಿ ಏನು ಮಹಾ ಎನ್ನುವವರು ಒಮ್ಮೆ ಬಂದು ಎಳೆದು ನೋಡಲಿ. ಹಿಂಗಾಲಿನ ಗಿಣ್ಣಿನ ಮೇಲೆ ಶಾಯಿಯ ಗೆರೆ. ಆ ಗೆರೆ ಮುಟ್ಟುವವರೆಗೆ ಪಾದವನ್ನು ನೀರಿನ ಕೊಳವೆಗೆ ಇಳಿಸಬೇಕು. ನೀರು ಎಷ್ಟು ಏರಿತೋ ಪಾದ ಅಷ್ಟು ದಪ್ಪ. ಊತ ಬರಿಸುವ ಸೂಜಿ ಚುಚ್ಚುವ ಮುಂಚೆ ಒಂದು ಸಲ ಅಳೆಯುವುದು, ಮೂರು ಗಂಟೆ ಬಿಟ್ಟು ಇನ್ನೊಂದು ಸಲ. ಅಷ್ಟರಲ್ಲಿ ಇಲಿ ನೆಕ್ಕಿ ನೆಕ್ಕಿ ಗೆರೆ ಮಾಸಿರುತ್ತದೆ. ಅದೇ ಜಾಗದಲ್ಲಿ ಮತ್ತೆ ಎಳೆಯಬೇಕು. ಕೂದಲೆಳೆಯಷ್ಟು ಕೆಳಗೆ ಎಳೆದರೆ ಪಾದ ಕಡಿಮೆ ಮುಳುಗುತ್ತದೆ, ಊತ ಇಳಿದಂತೆ ಕಾಣುತ್ತದೆ.

ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದವಳನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಇಲಿಯಮ್ಮ ಎಂದೇ ಕರೆಯುತ್ತಿದ್ದರು. ಗಂಡನಿಗಿಂತ ಇಲಿಗಳೇ ಹೇಳಿದ ಮಾತು ಕೇಳುತ್ತವೆ ಎಂದು ಅವಳೂ ನಗಾಡುತ್ತಿದ್ದಳು.

ಹೋದ ವರ್ಷ ಅವಳ ಕಣ್ಣು ಮಂಜಾಗತೊಡಗಿತು. "ನಿಮಗ್ಯಾಕಮ್ಮಾ ತೊಂದರೆ? ಎರಡನೇ ಸಲದ ಗೆರೆ ನಾನೇ ಎಳೀತೀನಿ. ನೀವು ಅದ್ದಿ ಅಳೆದ್ರೆ ಸಾಕು" ಎಂದಿದ್ದರು ಪ್ರೊಫೆಸರ್. ಅಷ್ಟು ದೊಡ್ಡ ಮನುಷ್ಯ, ಎಷ್ಟು ಒಳ್ಳೆಯ ಮನಸ್ಸು ಎಂದು ಅವಳು ಮನೆಯಲ್ಲಿ ಬಾಯ್ತುಂಬ ಹೊಗಳಿದ್ದಳು. ಊತಕ್ಕೆ ಮದ್ದೆಂದು ಪ್ರೊಫೆಸರ್ ಪರೀಕ್ಷಿಸುತ್ತಿದ್ದ ಬಳ್ಳಿಯ ಎಲೆಯ ಸಾರಕ್ಕೆ ಒಳ್ಳೊಳ್ಳೆಯ ಅಂಕಿಗಳು ಬರತೊಡಗಿದ್ದು ಆಮೇಲೆಯೇ. ಅವಳ ಅತ್ತೆಯ ಬೆರಳ ಗಿಣ್ಣುಗಳು ಊದಿವೆ ಎಂದು ತಿಳಿದು ಪ್ರೊಫೆಸರೇ ಆ ಸಾರದ ಒಂದು ಬಾಟಲಿ ಕೊಟ್ಟರು. ಅತ್ತೆ ಆಸ್ಪತ್ರೆಯ ಮಾತ್ರೆಯನ್ನು ಅಂದೇ ಬಿಟ್ಟರು. "ನನ್ನ ಸೊಸೆ ಕೈಯಾರೆ ಅಳೆದ ಔಷಧಿ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು.

ಆ ಮಂಗಳವಾರ ಅವಳು ಹೊಸ ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಹೋದಳು. ಔಷಧಿ ಕುಡಿದ ಮೊದಲ ಇಲಿಯನ್ನು ಕೈಗೆತ್ತಿಕೊಂಡಾಗ ಕಾಲಿನ ಮೇಲೆ ಎರಡು ಗೆರೆ ಕಂಡವು. ಮಾಸಿದ್ದು ಗಿಣ್ಣಿನ ಮೇಲೆ, ಹೊಸದು ಅದರ ಕೆಳಗೆ. ಎರಡನೆಯ ಇಲಿಗೂ ಹಾಗೆಯೇ. ಆರಕ್ಕೆ ಆರೂ. ಬರೀ ನೀರು ಕುಡಿದ ಇಲಿಗಳ ಕಾಲಲ್ಲಿ ಮಾತ್ರ ಹೊಸ ಗೆರೆ ಹಳೆಯದರ ಮೇಲೆಯೇ ಸರಿಯಾಗಿ ಕೂತಿತ್ತು.

ಅವಳ ಮೈಯೆಲ್ಲ ಉರಿದುಹೋಯಿತು. ಮೋಸಕ್ಕಿಂತ ಹೆಚ್ಚಾಗಿ ಆ ಒಳ್ಳೆಯ ಮನಸ್ಸು ನೆನಪಾಗಿ ಉರಿಯಿತು. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಹೊಸ ಗೆರೆಗಳನ್ನೆಲ್ಲ ಒರೆಸಿದಳು, ಹಳೆಯದರ ಮೇಲೆ ತಾನೇ ತಿದ್ದಿದಳು, ಹನ್ನೆರಡೂ ಇಲಿಗಳನ್ನು ಅಳೆದಳು. ಎರಡು ಗುಂಪಿಗೂ ಊತ ಒಂದೇ ಸಮ. ಎಲೆಯ ಸಾರಕ್ಕೂ ನಲ್ಲಿಯ ನೀರಿಗೂ ವ್ಯತ್ಯಾಸವೇ ಇರಲಿಲ್ಲ.

ಅಳತೆ ಬರೆದ ಪುಸ್ತಕವನ್ನು ಅವಳು ಪ್ರೊಫೆಸರರ ಮೇಜಿನ ಮೇಲೆ ಬಡಿದಾಗ ಅವರು ಚಹಾದ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಗಿಡದಲ್ಲಿ ಗುಣ ಇದೆಯಮ್ಮಾ, ನನಗೆ ಗೊತ್ತು. ಇಲೀಲಿ ಕಾಣ್ತಿಲ್ಲ ಅಷ್ಟೆ. ಒಂದು ಕೂದಲೆಳೆ ತಾನೇ?"

"ನಮ್ಮತ್ತೆ ಮಾತ್ರೆ ಬಿಟ್ಟು ಎರಡು ತಿಂಗಳಾಯ್ತು ಸಾರ್! ಗೊತ್ತಿದ್ದೂ ಗೊತ್ತಿದ್ದೂ ಬಾಟಲಿ ಕೊಟ್ರಲ್ಲಾ?"

"ಕೂಗ್ಬೇಡಿ. ಅಳೆದವರು ಅನ್ನೋ ಕಡೆ ಪ್ರತಿ ಪುಟದಲ್ಲೂ ನಿಮ್ಮ ಸಹಿ ಇದೆ. ಸ್ವಲ್ಪ ಯೋಚನೆ ಮಾಡಿ."

"ಇದೆ. ಇವತ್ತಿನ ಪುಟಕ್ಕೂ ಹಾಕಿದೀನಿ. ಇದನ್ನೂ ನಿರ್ದೇಶಕರೇ ನೋಡ್ಲಿ. ನನ್ನ ಕೆಲಸ ಹೋದ್ರೆ ಹೋಗ್ಲಿ, ನಿಮ್ಮ ಗೆರೆ ಅಂತೂ ಹೋಗುತ್ತೆ."

ನಿರ್ದೇಶಕರ ಕೈಗೇ ಪುಸ್ತಕ ಕೊಟ್ಟು, ಕೊಟ್ಟದ್ದಕ್ಕೆ ರುಜು ಹಾಕಿಸಿಕೊಂಡು ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಅತ್ತೆಯ ಮುಂದೆ ನಿಂತಳು. ಅತ್ತೆ ಕಿಟಕಿಯ ಪಕ್ಕ ಕೂತು ಬಾಚಣಿಗೆಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ತಲೆ ಬಾಚಿಕೊಳ್ಳುತ್ತಿದ್ದರು. ಬೆರಳು ಮಡಚಲು ಬಾರದವರು ಹಾಗೆ ಹಿಡಿಯುತ್ತಾರೆ. ಇಷ್ಟು ದಿನ ಇದು ತನ್ನ ಕಣ್ಣಿಗೆ ಬೀಳಲಿಲ್ಲವೇ?

"ಅತ್ತೆ, ಮುಷ್ಟಿ ಕಟ್ಟಿ."

ಅತ್ತೆ ನಕ್ಕರು. "ಎಷ್ಟೋ ವಾಸಿ ಕಣೇ. ದಿನಾ ಹೇಳ್ತಿಲ್ವಾ?"

"ಮುಷ್ಟಿ ಕಟ್ಟಿ ಅಂದೆ!"

ಬೆರಳುಗಳು ಅರ್ಧಕ್ಕೆ ಬಂದು ನಿಂತವು. ಗಿಣ್ಣುಗಳು ಕೆಂಪಗೆ ಹೊಳೆಯುತ್ತಿದ್ದವು. ಅತ್ತೆಯ ಕಣ್ಣಲ್ಲಿ ನೀರು ಬಂತು, ಆದರೂ ನಗು ಬಿಡಲಿಲ್ಲ.

"ನೀನು ಅಷ್ಟು ಕಷ್ಟಪಟ್ಟು ಅಳೆದದ್ದು. ಕಡಿಮೆಯಾಗಿಲ್ಲ ಅಂದ್ರೆ ನೊಂದ್ಕೊಳ್ತೀಯ ಅಂತ ಸುಮ್ನಿದ್ದೆ."

ಅವಳು ಆ ಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನೀವೂ ಗೆರೆ ಕೆಳಗೆ ಎಳೆದ್ರಾ, ಅತ್ತೆ?"

ಅತ್ತೆಗೆ ಅರ್ಥವಾಗಲಿಲ್ಲ. ಅವಳು ಬಾಟಲಿಯನ್ನು ಬಚ್ಚಲಿಗೆ ಸುರಿದಳು. ಕಪಾಟಿನಿಂದ ಹಳೆಯ ಮಾತ್ರೆಯ ಡಬ್ಬಿ ತಂದಳು. ಬಿಗಿಯಾದ ಮುಚ್ಚಳದ ಸುತ್ತ ಹಲ್ಲಿನ ಗುರುತುಗಳಿದ್ದವು. ಯಾವುದೋ ದಿನ ನೋವು ತಡೆಯಲಾರದೆ, ಸೊಸೆಗೆ ಹೇಳಲೂ ಆಗದೆ, ಅತ್ತೆ ಅದನ್ನು ಕಚ್ಚಿ ತೆರೆಯಲು ನೋಡಿದ್ದರು.