ಮರದ ಬಿಲ್ಲೆಗಳು

ಒಪ್ಪಿಕೊಂಡು ಆಗಿತ್ತು. ಇವತ್ತಿನ ಆಟದಲ್ಲಿ ಸೋತವನು ನಾಳೆ ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋಗಿ ರಾಜೀನಾಮೆ ಕೊಡಬೇಕು. ಗೆದ್ದವನು ಕೆಲಸದಲ್ಲಿ ಉಳಿಯಬೇಕು. ಪ್ರೇಮ್‌ಕುಮಾರ್ ಹಾಗೆಂದಾಗ ಬಸವಪ್ರಸಾದ್ 'ಆಯ್ತು' ಅಂದುಬಿಟ್ಟಿದ್ದ. ಆ ಮಾತು ಅಷ್ಟು ಸಲೀಸಾಗಿ ಹೊರಟದ್ದು ಅವನಿಗೇ ಮುಜುಗರ ತಂದಿತ್ತು.

ಆಟದ ಡಬ್ಬಿ ತರಲು ಪ್ರೇಮ್‌ಕುಮಾರ್ ಒಳಗೆ ಹೋದ. ನಡುಮನೆಯ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ಬಸವಪ್ರಸಾದ್ ನಂಜನಗೂಡಿನಿಂದ ತಂದಿದ್ದ ರಸಬಾಳೆಯನ್ನು ಪ್ರೇಮ್‌ಕುಮಾರನ ಹೆಂಡತಿ ಸಂಘಮಿತ್ರಾ ಸ್ಟೀಲಿನ ತಟ್ಟೆಯಲ್ಲಿಟ್ಟು ಅವನ ಮುಂದೆಯೇ ಇಟ್ಟಿದ್ದಳು. ಪ್ರತಿ ಸಲವೂ ಹೀಗೆಯೇ. ಅವನು ಹಣ್ಣು ತರುತ್ತಿದ್ದ, ಅದರಲ್ಲೇ ಎರಡು ತಿನ್ನುತ್ತಿದ್ದ, ಚಹಾ ಕುಡಿಯುತ್ತಿದ್ದ, ಊಟದ ಹೊತ್ತಿಗೆ ಎದ್ದು ಬಸ್ಸು ಹಿಡಿಯುತ್ತಿದ್ದ.

ನಂಜನಗೂಡಿನ ಔಷಧಿ ಕಾರ್ಖಾನೆಯನ್ನು ಮುಂಬಯಿಯ ಕಂಪನಿಯೊಂದು ಕೊಂಡ ಮೇಲೆ ಗೇಟಿನ ಮೇಲಿನ ಹೆಸರು ಬದಲಾಗಿತ್ತು. ಈಗ ಎರಡು ಪ್ರಯೋಗಶಾಲೆಗಳು ಒಂದಾಗಬೇಕಿತ್ತು. ಒಂದರ ಮುಖ್ಯಸ್ಥ ಬಸವಪ್ರಸಾದ್, ಇನ್ನೊಂದರ ಮುಖ್ಯಸ್ಥ ಪ್ರೇಮ್‌ಕುಮಾರ್. ಶನಿವಾರ ಮ್ಯಾನೇಜರ್ ಶಿವಸ್ವಾಮಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ನೀವು ಓದುವ ಕಾಲದಿಂದ ಸ್ನೇಹಿತರು, ಯಾರು ಬಿಡುತ್ತೀರಿ ಎಂದು ನೀವೇ ಮಾತಾಡಿಕೊಂಡು ಸೋಮವಾರ ಹೇಳಿ, ಎಂದಿದ್ದರು. ತುಂಬ ನ್ಯಾಯವಾದ ಮಾತು.

ಅದೇ ಸಂಜೆ ಬಸವಪ್ರಸಾದನ ಮನೆಗೆ ಅವರ ಫೋನು ಬಂತು.

"ನೀನು ತಲೆ ಕೆಡಿಸ್ಕೋಬೇಡ ಕಣಯ್ಯ. ಅವನನ್ನೂ ಒಂದ್ ಮಾತು ಕೇಳ್ದಂಗಿರ್ಲಿ ಅಂತ ಹೇಳ್ದೆ, ಅಷ್ಟೇ."

ಮಠದ ಹಾಸ್ಟೆಲಿನಲ್ಲಿ ಶಿವಸ್ವಾಮಿ ಅವನಿಗಿಂತ ಹಿರಿಯ ವಿದ್ಯಾರ್ಥಿಯಾಗಿದ್ದರು. ಫೋನಿಟ್ಟ ಮೇಲೆ ಬಸವಪ್ರಸಾದನಿಗೆ ನೆಮ್ಮದಿಯಾಗಬೇಕಿತ್ತು. ಆಗಿಯೂ ಇತ್ತು. ಆದರೆ ಆ ನೆಮ್ಮದಿಗೆ ಒಂದು ಕಾರಣ ಬೇಕಿತ್ತು. ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳಬಹುದಾದಂಥದ್ದು. ಪ್ರೇಮ್‌ಕುಮಾರ್ ಆಟದ ಮಾತೆತ್ತಿದಾಗ ಆ ಕಾರಣ ತಾನಾಗಿಯೇ ನಡೆದು ಬಂದಂತಾಯಿತು. ಗೆದ್ದು ಉಳಿದರೆ ಯಾರೂ ಏನೂ ಅನ್ನುವ ಹಾಗಿಲ್ಲ. ಗೆಲ್ಲುವುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಅದು ವ್ಯಾಪಾರದ ಆಟ. ಎಂ.ಎಸ್ಸಿ. ಓದುವಾಗ ಇಬ್ಬರೂ ಅರ್ಧರ್ಧ ದುಡ್ಡು ಹಾಕಿ ಮೈಸೂರಿನಲ್ಲಿ ಕೊಂಡದ್ದು. ಹಲಗೆಯ ಪ್ರತಿ ಮನೆಗೂ ಅದೇ ಅಂಕೆಯ ಒಂದು ಚೌಕದ ಮರದ ಬಿಲ್ಲೆ. ಬಿಲ್ಲೆಗಳೆಲ್ಲ ಒಂದು ಬಟ್ಟೆಯ ಚೀಲದಲ್ಲಿರುತ್ತವೆ. ನೋಡದೆ ಕೈ ಹಾಕಿ ತೆಗೆಯಬೇಕು. ಅಕ್ಕಪಕ್ಕದ ಮನೆಗಳು ತುಂಬಿದರೆ ಕಂಪನಿ ಹುಟ್ಟುತ್ತದೆ, ಅದರ ಷೇರು ಕೊಳ್ಳಬಹುದು. ಎರಡು ಕಂಪನಿಗಳು ತಾಗಿದರೆ ದೊಡ್ಡದು ಸಣ್ಣದನ್ನು ನುಂಗುತ್ತದೆ. ಕೊನೆಯಲ್ಲಿ ಯಾರ ಷೇರಿಗೆ ಹೆಚ್ಚು ಬೆಲೆಯೋ ಅವನು ಗೆದ್ದಂತೆ.

ಓದುವ ಕಾಲದಿಂದ ಅವರದೇ ಒಂದು ಪದ್ಧತಿಯಿತ್ತು. ಸೋತವನು ಡಬ್ಬಿ ಹೊರಬೇಕು. ಮುಂದಿನ ಆಟ ಅವನ ಮನೆಯಲ್ಲಿ. ಬಸವಪ್ರಸಾದ್ ಎಂದೂ ಸೋಲದ್ದರಿಂದ ಡಬ್ಬಿ ಯಾವಾಗಲೂ ತಿರುಮಕೂಡಲಿನ ಈ ಮನೆಯಲ್ಲೇ ಇತ್ತು. ಪ್ರೇಮ್‌ಕುಮಾರ್ ನಂಜನಗೂಡಿನ ಅವನ ಮನೆಗೆ ಬರುವ ಪ್ರಸಂಗವೇ ಒದಗಿರಲಿಲ್ಲ. ಆ ಮನೆಯಲ್ಲಿ ಬಸವಪ್ರಸಾದನ ತಾಯಿ ಮಲ್ಲಾಜಮ್ಮ ಇದ್ದರು. ಅವರು ಬೆಳಿಗ್ಗೆ ಲಿಂಗಪೂಜೆ ಮುಗಿಯುವವರೆಗೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಆಮೇಲೆ ಮನೆಗೆ ಬಂದವರನ್ನೆಲ್ಲ ಯಾವ ಪೈಕಿ ಎಂದು ಕೇಳುತ್ತಿದ್ದರು. ಈ ವಿಷಯ ಸ್ನೇಹಿತರ ನಡುವೆ ಎಂದೂ ಬಂದಿರಲಿಲ್ಲ. ಆಟದ ಪದ್ಧತಿ ಅದನ್ನು ಅಚ್ಚುಕಟ್ಟಾಗಿ ನೋಡಿಕೊಂಡಿತ್ತು.

ಪ್ರೇಮ್‌ಕುಮಾರ್ ಡಬ್ಬಿ ತಂದು ಟೀಪಾಯಿಯ ಮೇಲಿಟ್ಟ. ಅದಕ್ಕೆ ಇನ್ನೂ ಹೊಳೆಯುವ ಪ್ಲಾಸ್ಟಿಕ್ ಸುತ್ತಿತ್ತು.

"ಇದೇನು?"

"ಹೊಸ ಎಡಿಷನ್ನು. ಬೆಂಗ್ಳೂರಿಗೆ ಟ್ರೈನಿಂಗ್‌ಗೆ ಹೋದಾಗ ಕಂಡ್ತು, ತಂದೆ."

"ಹಳೇದ್ರಲ್ಲೇ ಆಡಣ."

"ಯಾಕೆ?"

ಬಸವಪ್ರಸಾದನ ಬಳಿ ಉತ್ತರವಿತ್ತು. ಅದು ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ.

ಇಷ್ಟು ವರ್ಷಗಳಲ್ಲಿ ಮರದ ಬಿಲ್ಲೆಗಳಿಗೆ ಒಂದೊಂದು ಮುಖ ಬಂದಿತ್ತು. ಒಂದರ ಮೂಲೆ ಮುರಿದಿತ್ತು. ಒಂದಕ್ಕೆ ಮೇಣದ ಬತ್ತಿ ತೊಟ್ಟಿಕ್ಕಿತ್ತು. ಒಂದರ ಬೆನ್ನಿನಲ್ಲಿ ಆಸಿಡ್ ಬಿದ್ದ ಸಣ್ಣ ಗುಳಿ. ಚೀಲದೊಳಗೆ ಅವನ ಹೆಬ್ಬೆರಳು ಅವುಗಳ ಮೇಲೆ ಹಾಯುವಾಗ ಅಂಕೆಗಳು ತಾವಾಗಿಯೇ ಹೊಳೆಯುತ್ತಿದ್ದವು. ಅದನ್ನವನು ಮೋಸವೆಂದು ಕರೆದುಕೊಂಡಿರಲಿಲ್ಲ. ತಿಳಿದದ್ದನ್ನು ತಿಳಿಯಬೇಡವೆಂದು ಬೆರಳಿಗೆ ಹೇಳುವುದು ಹೇಗೆ? ಅದು ಅನುಭವ. ಪ್ರಯೋಗಶಾಲೆಯಲ್ಲಿ ಅದಕ್ಕೇ ಸಂಬಳ ಕೊಡುತ್ತಾರೆ.

ಪ್ರೇಮ್‌ಕುಮಾರ್ ಉಗುರಿನಿಂದ ಪ್ಲಾಸ್ಟಿಕ್ ಸೀಳಿದ. ಹೊಸ ಹಲಗೆಯಲ್ಲಿ ಸಾಲು ಸಾಲಾಗಿ ಚೌಕದ ಗುಳಿಗಳಿದ್ದವು. ಬಿಲ್ಲೆಗಳು ಬೂದು ಬಣ್ಣದ ಪ್ಲಾಸ್ಟಿಕ್‌ನವು. ಗುಳಿಯಲ್ಲಿ ಒತ್ತಿದರೆ ಕಟಕ್ಕೆಂದು ಕೂತು ಅಲುಗಾಡುತ್ತಿರಲಿಲ್ಲ. ಹಳೆಯದರಲ್ಲಿದ್ದ ಚಹಾ, ಸೆಣಬು, ಉಕ್ಕಿನ ಕಂಪನಿಗಳು ಮಾಯವಾಗಿ ವಿಮಾನ, ಮೊಬೈಲು, ಕಂಪ್ಯೂಟರಿನ ಕಂಪನಿಗಳು ಬಂದಿದ್ದವು.

ಹೈಸ್ಕೂಲಿನಲ್ಲಿ ಗಣಿತ ಹೇಳುವ ಸಂಘಮಿತ್ರಾ ಸೋಫಾದ ತುದಿಯಲ್ಲಿ ಕುಳಿತು ನಿಯಮದ ಪುಸ್ತಕ ಬಿಡಿಸಿದಳು. ಹಳೆಯದಕ್ಕಿಂತ ಇದು ತೆಳ್ಳಗಿತ್ತು. ಮೊದಲೆಲ್ಲ, ನುಂಗಿಸಿಕೊಂಡ ಕಂಪನಿಯ ಷೇರನ್ನು ಕೈಯಲ್ಲೇ ಇಟ್ಟುಕೊಳ್ಳಬಹುದಿತ್ತು. ಹಲಗೆಯ ಇನ್ನೊಂದು ಮೂಲೆಯಲ್ಲಿ ಅದೇ ಹೆಸರಿನ ಕಂಪನಿ ಮತ್ತೆ ಹುಟ್ಟಿದರೆ ಷೇರಿಗೆ ಜೀವ ಬರುತ್ತಿತ್ತು. ಬಸವಪ್ರಸಾದ್ ಗೆಲ್ಲುತ್ತಿದ್ದದ್ದು ಹೀಗೆಯೇ. ಸತ್ತ ಕಂಪನಿಯನ್ನು ಎಲ್ಲಿ ಎಬ್ಬಿಸಬೇಕೆಂಬುದು ಅವನ ಹೆಬ್ಬೆರಳಿಗೆ ಗೊತ್ತಿರುತ್ತಿತ್ತು.

"ಅದು ಈಗಿಲ್ಲ ಅಣ್ಣ," ಅಂದಳು ಅವಳು ಪುಟದಿಂದ ಕಣ್ಣೆತ್ತದೆ. "ನುಂಗಿದ ತಕ್ಷಣ ಷೇರು ವಾಪಸ್ ಕೊಡ್ಬೇಕಂತೆ. ಇಟ್ಕೊಳ್ಳೋ ಹಂಗಿಲ್ಲ."

"ಯಾಕೆ ತೆಗೆದ್ರೋ."

"ಆಟ ಬೇಗ ಮುಗೀಲಿ ಅಂತ ಇರ್ಬೇಕು."

"ಎರಡೂ ಕಂಪನಿ ಸಮಸಮ ಇದ್ರೆ?" ಪ್ರೇಮ್‌ಕುಮಾರ್ ಕೇಳಿದ.

"ಮಧ್ಯದ ಬಿಲ್ಲೆ ಇಟ್ಟೋರ ಇಷ್ಟ. ಯಾವ್ದು ಉಳೀಬೇಕು ಅಂತ ಅವರೇ ಹೇಳ್ಬೇಕು. ಅದೊಂದು ಬದಲಾಗಿಲ್ಲ."

ಆಟ ಶುರುವಾಯಿತು. ಬಸವಪ್ರಸಾದ್ ಚೀಲಕ್ಕೆ ಕೈ ಹಾಕಿದ. ನುಣುಪು. ಎಲ್ಲವೂ ಒಂದೇ ತೂಕ, ಒಂದೇ ಅಂಚು, ಒಂದೇ ತಣ್ಣಗಿನ ಮೈ. ಕೈ ಒಳಗಿದ್ದಷ್ಟು ಹೊತ್ತೂ ಪ್ರೇಮ್‌ಕುಮಾರ್ ಹಲಗೆಯನ್ನು ನೋಡುವುದು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದಾನೆ ಅನ್ನಿಸಿತು. ಸಿಕ್ಕಿದ್ದನ್ನು ತೆಗೆದ. ಅದು ಯಾವ ಪ್ರಯೋಜನಕ್ಕೂ ಬಾರದ ಮೂಲೆಯ ಮನೆಯದು.

ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಕಟಕ್, ಕಟಕ್ ಎಂಬ ಸದ್ದು. ಬಸವಪ್ರಸಾದ್ ಅದೃಷ್ಟವನ್ನು ನಂಬಿ ಆಡುತ್ತಿದ್ದದ್ದು ಇದೇ ಮೊದಲು. ಉಳಿದವರೆಲ್ಲ ದಿನಾ ಹೀಗೆಯೇ ಬದುಕುತ್ತಿರಬೇಕು ಎಂಬ ಯೋಚನೆ ಬಂತು. ನಾಳೆ ಶಿವಸ್ವಾಮಿಯ ಮುಂದೆ ಕಾಗದ ಹಿಡಿದು ನಿಂತ ತನ್ನನ್ನು ಒಮ್ಮೆ ಕಲ್ಪಿಸಿಕೊಂಡ. ಆ ಚಿತ್ರದಲ್ಲಿ ಅವನಿಗೆ ಮುಖವೇ ಇರಲಿಲ್ಲ.

"ಊಟ ಇಲ್ಲೇ ಮಾಡಿ ಅಣ್ಣ ಇವತ್ತು," ಅಂದಳು ಸಂಘಮಿತ್ರಾ.

"ಇಲ್ಲ, ಅಮ್ಮ ಕಾಯ್ತಿರ್ತಾರೆ."

"ನಮ್ ಮದ್ವೆ ಆದಾಗ್ನಿಂದ್ಲೂ ಕಾಯ್ತಾನೇ ಅವ್ರೆ, ಪಾಪ."

ಅವಳು ನಗಲಿಲ್ಲ. ಅವನು ನಕ್ಕ.

ಹಲಗೆಯಲ್ಲಿ ಕೊನೆಗೆ ಎರಡೇ ಕಂಪನಿಗಳು ಎದುರುಬದುರಾಗಿ ಬೆಳೆದು ನಿಂತವು. ಬಲಗಡೆಯದರಲ್ಲಿ ಬಸವಪ್ರಸಾದನ ಷೇರು, ಎಡಗಡೆಯದರಲ್ಲಿ ಪ್ರೇಮ್‌ಕುಮಾರನದು. ಎರಡೂ ಸಮಸಮ. ನಡುವೆ ಒಂದೇ ಒಂದು ಖಾಲಿ ಗುಳಿ. ಚೀಲದಲ್ಲಿ ಇನ್ನು ಕೆಲವೇ ಬಿಲ್ಲೆಗಳು. ಬಸವಪ್ರಸಾದ್ ಒಂದು ತೆಗೆದ, ಅದಲ್ಲ. ಪ್ರೇಮ್‌ಕುಮಾರ್ ಒಂದು ತೆಗೆದ. ಅಂಕೆ ನೋಡಿದ. ಇಡಲಿಲ್ಲ. ಎರಡು ಬೆರಳ ನಡುವೆ ಹಿಡಿದುಕೊಂಡು, ತೀರ ಸಾಧಾರಣ ದನಿಯಲ್ಲಿ ಕೇಳಿದ:

"ನಿನ್ನೆ ಸಂಜೆ ಶಿವಸ್ವಾಮಿ ಏನಾದ್ರೂ ಫೋನ್ ಮಾಡಿದ್ರಾ?"

ಸಂಘಮಿತ್ರಾ ಪುಸ್ತಕ ಮುಚ್ಚಿದಳು. ಫ್ಯಾನಿನ ಗಾಳಿಗೆ ಷೇರಿನ ಕಾಗದವೊಂದು ಮಗುಚಿಕೊಂಡಿತು. ಬಸವಪ್ರಸಾದ್ ಅದನ್ನು ಜೋಪಾನವಾಗಿ ಸರಿಮಾಡಿದ.

"ಇಲ್ಲ," ಅಂದ.

"ಮಾಡಿಲ್ವಾ."

"ಇಲ್ಲಪ್ಪ. ಯಾಕೆ?"

"ಸುಮ್ನೆ ಕೇಳ್ದೆ."

ಪ್ರೇಮ್‌ಕುಮಾರ್ ಬಿಲ್ಲೆಯನ್ನು ನಡುವಿನ ಗುಳಿಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದ. ಕಟಕ್.

"ನನ್ದೇ ಉಳೀಲಿ," ಅಂದ.

ಬಸವಪ್ರಸಾದ್ ಷೇರುಗಳನ್ನು ಹಿಂದಿರುಗಿಸಿದ. ಇಟ್ಟುಕೊಳ್ಳುವ ಹಾಗಿರಲಿಲ್ಲ.

ಈಗ ಪ್ರೇಮ್‌ಕುಮಾರ್ ನಗುತ್ತಾನೆ, ತಮಾಷೆಗೆ ಅಂದೆ ಕಣೋ ಅನ್ನುತ್ತಾನೆ ಎಂದು ಅವನು ಕಾದ. ಪ್ರೇಮ್‌ಕುಮಾರ್ ಬಿಲ್ಲೆಗಳನ್ನು ಒಂದೊಂದಾಗಿ ಕಿತ್ತು ಚೀಲಕ್ಕೆ ಹಾಕುತ್ತಿದ್ದ. ಅದು ಮುಗಿದ ಮೇಲೆ ಒಳಗೆ ಹೋಗಿ, ಮೂಲೆಗೆ ಅಂಟುಪಟ್ಟಿ ಹಚ್ಚಿದ್ದ ಹಳೆಯ ಡಬ್ಬಿ ತಂದು ಅವನ ತೊಡೆಯ ಮೇಲಿಟ್ಟ.

"ಸೋತೋನು ಡಬ್ಬಿ ಹೊರಬೇಕು. ಹೊಸದು ಇಲ್ಲಿರ್ಲಿ, ನೀನು ಇದನ್ನ ತಗೊಂಡೋಗು. ಮುಂದಿನ ಭಾನುವಾರ ನಾವು ಬತ್ತೀವಿ ನಿಮ್ಮನೆಗೆ."

"ಬನ್ನಿ."

"ಇಬ್ರೂ ಬತ್ತೀವಿ. ಊಟಕ್ಕೇ."

"ಬನ್ನಿ," ಅಂದ ಮತ್ತೆ. ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಎದ್ದ.

ಬಾಗಿಲವರೆಗೆ ಬಂದ ಪ್ರೇಮ್‌ಕುಮಾರ್, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, "ನಾಳೆ ಬೆಳಿಗ್ಗೆ ಫ್ಯಾಕ್ಟ್ರಿಲಿ ಸಿಗ್ತೀನಿ," ಅಂದ. ಸಿಗೋಣ ಅನ್ನಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಬಸವಪ್ರಸಾದ್ ಲೆಕ್ಕ ಹಾಕತೊಡಗಿದ. ನಾಳೆ ರಾಜೀನಾಮೆ ಕೊಟ್ಟರೆ ಶಿವಸ್ವಾಮಿ ನಕ್ಕು, ನಿಂಗೇನು ಹುಚ್ಚಾ ಎಂದು ಹರಿದು ಬುಟ್ಟಿಗೆ ಹಾಕುತ್ತಾರೆ. ಕೊಡುತ್ತೇನೆಂದು ಒಪ್ಪಿದ್ದು ನಿಜ. ಅವರು ತೆಗೆದುಕೊಳ್ಳುತ್ತಾರೆಂದು ತಾನೆಲ್ಲಿ ಒಪ್ಪಿದ್ದೆ? ಮಾತೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಹಾಗಾದಾಗ ಮುಂದಿನ ಭಾನುವಾರ ಊಟಕ್ಕೆ ಯಾರೂ ಬರುವುದಿಲ್ಲ. ಎದೆಯ ಮೇಲಿನ ಭಾರ ಇಳಿದಂತಾಯಿತು. ಇಳಿದದ್ದು ಇಷ್ಟು ಬೇಗ ಎಂಬುದಕ್ಕೆ ಬಾಯಿ ಕಹಿಯಾಯಿತು.

ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ಸರಿಸಿ, ನೋಡದೆ, ಬಟ್ಟೆಯ ಚೀಲಕ್ಕೆ ಕೈ ಹಾಕಿದ. ಮುರಿದ ಮೂಲೆಯ ಬಿಲ್ಲೆಗಾಗಿ ಹೆಬ್ಬೆರಳು ಹುಡುಕಿತು. ಸಿಗಲಿಲ್ಲ. ಮೇಣದ್ದೂ ಸಿಗಲಿಲ್ಲ. ಗುಳಿಯದ್ದೂ ಇಲ್ಲ. ಒಂದನ್ನು ಹೊರಗೆ ತೆಗೆದ.

ಬಿಲ್ಲೆಯನ್ನು ಮರಳುಕಾಗದದಿಂದ ತಿಕ್ಕಲಾಗಿತ್ತು. ನಾಲ್ಕು ಮೂಲೆಗಳೂ ಒಂದೇ ಸಮನೆ ದುಂಡಗಾಗಿದ್ದವು. ಬೆನ್ನು ನುಣುಪಾಗಿತ್ತು. ಮುಂದಿನ ಮೈಯಲ್ಲಿ ಅಂಕೆಯೂ ಇರಲಿಲ್ಲ. ಇನ್ನೊಂದು ತೆಗೆದ. ಮತ್ತೊಂದು. ಪ್ರೇಮ್‌ಕುಮಾರ್ ಎಷ್ಟು ಸಂಜೆಗಳು ಕೂತು ತಿಕ್ಕಿದ್ದನೋ. ಎಲ್ಲವೂ ಬರೀ ಮರದ ಚೂರುಗಳಾಗಿದ್ದವು.

ಪಕ್ಕದಲ್ಲಿ ಸೊಪ್ಪಿನ ಕುಕ್ಕೆ ಹಿಡಿದು ಕೂತಿದ್ದ ಹೆಂಗಸು ಬಗ್ಗಿ ನೋಡಿದಳು.

"ಅದೇನ್ ಸಾ ಅದು, ಬಿಸ್ಕತ್ತಾ?"

ಬಸವಪ್ರಸಾದ್ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವಳಿಗೆ ತಿಳಿಯಲಿಲ್ಲ.

ಹೆಬ್ಬೆರಳಿಗೆ ಮರದ ಬಿಳಿ ಹಿಟ್ಟು ಅಂಟಿತ್ತು. ಪ್ರಯೋಗಶಾಲೆಯ ಅಭ್ಯಾಸದಿಂದ ಅದನ್ನು ಮೂಗಿನ ಹತ್ತಿರ ತಂದ. ಯಾವ ವಾಸನೆಯೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡು, ಮಣಿಕಟ್ಟು ಮುಳುಗುವವರೆಗೆ ಮತ್ತೆ ಚೀಲಕ್ಕೆ ಕೈ ಇಳಿಸಿ, ಒಂದೊಂದನ್ನೇ ಸವರತೊಡಗಿದ.