ಬೀಗನಾಗಿ ಬಂದ ಬೇಕರಿಯವನು

ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದ ಆಕೆಗೆ ಅಂದು ಬೆಳಗಿನಿಂದ ಕೈಕಾಲೇ ಆಡುತ್ತಿರಲಿಲ್ಲ. ನರ್ಸಾಗಿದ್ದ ಮಗಳು ತಾನು ಮೆಚ್ಚಿದ ಹುಡುಗನನ್ನು ಮನೆಗೆ ಕರೆದಿದ್ದಳು. ಅವನನ್ನು ಸಾಕಿ ಬೆಳೆಸಿದ ತಾತನೂ ಬರುವವನಿದ್ದ. ಟೈಲರಮ್ಮ ಹೊಲಿಗೆ ಯಂತ್ರವನ್ನು ಮೂಲೆಗೆ ತಳ್ಳಿ, ಬಟ್ಟೆಯ ಚೂರುಗಳನ್ನು ಗುಡಿಸಿ, ಕುರ್ಚಿ ಹಾಕಿದಳು.

ಹುಡುಗ ಬಂದ. ಹಿಂದೆಯೇ ತನ್ನ ಬೇಕರಿಯ ಕೇಕಿನ ಡಬ್ಬಿ ಹಿಡಿದು ತಾತ ಬಂದ. ಕಿಟಕಿಯ ಬಳಿ ಕೂತಿದ್ದ ಟೈಲರಮ್ಮನ ತಾಯಿಯನ್ನು ಕಂಡದ್ದೇ ತಡ, ಹೊಸ್ತಿಲಲ್ಲೇ ನಿಂತುಬಿಟ್ಟ.

"ಗುಬ್ಬಿ! ನೀನಾ?"

ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು, ಎದ್ದು, ಅಡುಗೆಮನೆಗೆ ಹೊರಟೇಹೋದಳು.

ಟೈಲರಮ್ಮನಿಗೆ ಹಳೆಯ ಮಾತೊಂದು ನೆನಪಾಯಿತು. ಚಿಕ್ಕವಳಿದ್ದಾಗ ಸೋದರತ್ತೆ ಯಾರಿಗೋ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು: "ಒಪ್ಪಿಕೊಂಡಿದ್ದು ಬೇಕರಿಯವನನ್ನ, ಕಟ್ಟಿಕೊಂಡಿದ್ದು ನಮ್ಮಣ್ಣನ್ನ." ಅಪ್ಪ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು, ಮಾತು ಬಲು ಕಡಿಮೆ. ಅಮ್ಮ ಹಲ್ಲು ಕಚ್ಚಿಕೊಂಡೇ ಸಂಸಾರ ಮಾಡಿದಳೆಂದು ಟೈಲರಮ್ಮ ನಂಬಿದ್ದಳು. ಆ ಗತಿ ತನಗೆ ಬೇಡವೆಂದೇ ಯಾರಿಗೂ ಹೇಳದೆ ಬಸ್ ಡ್ರೈವರನ್ನು ಮದುವೆಯಾಗಿದ್ದಳು. ಅಮ್ಮ ಮಾತು ಬಿಟ್ಟಳು. ಮೊಮ್ಮಗಳು ಹುಟ್ಟಿದಾಗ ತಾನಾಗಿಯೇ ಬಂದು ಮಗುವನ್ನು ಎತ್ತಿಕೊಂಡಳು, ನಿಜ. ಆದರೆ ಆ ವಿಷಯವನ್ನು ಇಬ್ಬರೂ ಮತ್ತೆಂದೂ ಎತ್ತಿರಲಿಲ್ಲ.

ಈಗ ಮಗಳ ಮದುವೆಗೂ ಕಲ್ಲು ಬಿತ್ತು ಅಂದುಕೊಳ್ಳುತ್ತಲೇ ಟೈಲರಮ್ಮ ಒಳಗೋಡಿದಳು. ಅಜ್ಜಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಭುಜಗಳು ಅಲುಗುತ್ತಿದ್ದವು.

"ಅಳಬೇಡಮ್ಮ..."

"ಅಳೋದ್ಯಾರೇ? ಅವನ ತಲೆ ನೋಡಿದ್ಯಾ? ಆಗ ಯಾವಾಗ್ಲೂ ಜೇಬಲ್ಲಿ ಬಾಚಣಿಗೆ! ಈಗ ಬಾಚೋಕೆ ಏನಿದೆ?" ಅಜ್ಜಿ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಳು.

"ಅಮ್ಮಾ, ನಿನ್ನನ್ನ ಇವರಿಂದ ಬಿಡಿಸಿ ಅಪ್ಪನಿಗೆ ಕೊಟ್ರು, ಅಲ್ವಾ?"

"ಬಿಡಿಸೋರ್ಯಾರು? ಮನೇಲಿ ಎಲ್ಲರೂ ಕುಣಿದಾಡ್ತಿದ್ರು, ಸ್ವಂತ ಬೇಕರಿ ಹುಡುಗ ಅಂತ. ನಾನೂ ಹೂಂ ಅಂದಿದ್ದೆ. ಮದುವೆ ಪತ್ರಿಕೆ ಮಾಡಿಸೋಕೆ ಪ್ರೆಸ್ಸಿಗೆ ಹೋದೆ. ನಿಮ್ಮಪ್ಪ ನನ್ನ ಹೆಸರಿನ ಮೊಳೆ ಜೋಡಿಸೋದು, ಮತ್ತೆ ಕಿತ್ತು ತೆಗೆಯೋದು, ಇದೇ ಮಾಡ್ತಿದ್ರು. ಯಾಕ್ರೀ ಅಂದೆ. 'ಈ ಹೆಸರನ್ನ ಬೇರೆಯವರ ಪಕ್ಕ ಕೂರಿಸೋಕೆ ಮನಸ್ಸು ಬರ್ತಿಲ್ಲ' ಅಂದ್ರು. ದಿನಾ ಆ ದಾರೀಲಿ ಹೋಗ್ತಿದ್ದೆನಲ್ಲ, ನೋಡ್ತಿದ್ರಂತೆ. ಮಾತೇ ಆಡದ ಮನುಷ್ಯ ಅದೊಂದು ಮಾತಾಡಿದ್ರು ನೋಡು, ನನಗೆ ಜೀವಮಾನಕ್ಕೆ ಸಾಕಾಯ್ತು."

ಟೈಲರಮ್ಮನಿಗೆ ಕೂರಲು ಏನಾದರೂ ಬೇಕೆನಿಸಿತು. ಏನೂ ಸಿಗದೆ ನೆಲದ ಮೇಲೇ ಕೂತಳು.

"ಮತ್ತೆ ನನ್ನ ಮದುವೆಗೆ ಅಷ್ಟು ಸಿಟ್ಟು ಯಾಕಮ್ಮ?"

"ಮದುವೆಗಲ್ಲ ಕಣೇ, ಮುಚ್ಚಿಟ್ಟಿದ್ದಕ್ಕೆ. ನಾನೇನು ಹುಲೀನಾ? ಒಂದು ಮಾತು ಹೇಳಿದ್ರೆ ನಿನ್ನ ಕೈ ಹಿಡ್ಕೊಂಡು ನಾನೇ ಬರ್ತಿದ್ದೆ."

ಟೈಲರಮ್ಮ ಅಮ್ಮನ ಕೈಯನ್ನು ಕೆನ್ನೆಗೊತ್ತಿಕೊಂಡು ಮನಸಾರೆ ಅತ್ತಳು. ಅತ್ತು ಮುಗಿದಾಗ ಎಷ್ಟೋ ವರ್ಷದ ಭಾರ ಇಳಿದಂತಾಗಿತ್ತು.

ಹೊರಗೆ ತಾತ ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದ.

"ನಿಮಗೆ ಆಗ ಬೇಜಾರಾಗಿರಬೇಕು," ಎಂದಳು ಟೈಲರಮ್ಮ ಹಿಂಜರಿಯುತ್ತ.

"ಆಗದೆ ಇರುತ್ತಾ ತಾಯಿ? ಹಿಟ್ಟಿಗೆ ಉಪ್ಪು ಹಾಕೋದೇ ಮರೆತುಬಿಡ್ತಿದ್ದೆ. ಸಪ್ಪೆ ಬ್ರೆಡ್ ಮಾರ್ತೀಯಾ ಅಂತ ಒಬ್ಬಳು ಬಂದು ನನ್ನ ಜನ್ಮ ಜಾಲಾಡಿದ್ಲು. ಮಾರನೇ ದಿನಾನೂ ಬಂದ್ಲು. ಅವಳೇ ಇವನಜ್ಜಿ." ಕಣ್ಣೊರೆಸಿಕೊಂಡ. "ಇರೋವರೆಗೂ ಹೇಳ್ತಿದ್ಲು, ಗುಬ್ಬಿ ಎಲ್ಲಾದ್ರೂ ಸಿಕ್ಕಿದ್ರೆ ನನ್ನ ಪರವಾಗಿ ಥ್ಯಾಂಕ್ಸ್ ಹೇಳಿ ಅಂತ."

"ಕೇಳಿಸ್ತು ಬಿಡು," ಎಂದು ಅಜ್ಜಿ ಟೀ ಹಿಡಿದು ಬಂದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು: "ಹುಡುಗ ಒಳ್ಳೆಯವನ ಥರಾ ಕಾಣ್ತಾನೆ. ಕೂದಲಿನ ಆಸೆ ಮಾತ್ರ ಇಟ್ಕೋಬೇಡ."

ಮನೆಯೆಲ್ಲ ನಗುತ್ತಿರುವಾಗಲೇ ಡ್ಯೂಟಿ ಮುಗಿಸಿ ಬಂದ ಗಂಡನಿಗೆ ಟೈಲರಮ್ಮ ಬಾಗಿಲಲ್ಲೇ ಎದುರಾದಳು.

"ಏನಾಯ್ತೇ?" ಎಂದ ಅವನು ಗಾಬರಿಯಿಂದ, ದನಿ ತಗ್ಗಿಸಿ.

"ಅಮ್ಮ ಬರ್ತಿದ್ಲಂತೆ ರೀ, ಕರೆದಿದ್ರೆ! ನಮ್ಮ ಮದುವೆಗೆ!"

"ಅಯ್ಯೋ, ನಾನು ಕೇಳಿದ್ದು ಮಗಳದ್ದು!"

"ಹೂಂ, ಅದೂ ಆಯ್ತು," ಎಂದು ಅವಳು ಅವನ ಕೈ ಹಿಡಿದು ಒಳಗೆಳೆದುಕೊಂಡಳು.